ನಾವುಂದದ ಮೊಳೆಗೆ ಈ ವರ್ಷದ ರವಿಕೆ

ಬೆಳಗಿನ ಐದೂವರೆ. ಮೀನಿನ ಲಾರಿಯೊಂದು ಹೆದ್ದಾರಿಯುದ್ದಕ್ಕೂ ನೀರು ಸುರಿಸುತ್ತಾ ಬೈಂದೂರಿನ ಕಡೆಗೆ ಹೋಗಿ ಅರ್ಧ ಗಳಿಗೆಯಾಗಿದೆ. ಮೊದಲ ಬಸ್ಸು ಇನ್ನೂ ಬಂದಿಲ್ಲ. ನಾವುಂದದ ಬಸ್ಸು ನಿಲ್ಲುವ ಜಾಗದ ಎದುರು ಸಾಲಾಗಿರುವ ಐದು ಕೋಣೆಗಳಲ್ಲಿ ಮೂರನೆಯದರ ಶಟರು ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಒಳಗೆ ದೀಪ ಉರಿಯುತ್ತಿದೆ. ಐವತ್ತೇಳು ವರ್ಷದ ಉಮಾವತಿ ಅಳತೆಯ ಟೇಪಿನ ಒಂದು ತುದಿಯನ್ನು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಕಿಟಕಿಯ ಸರಳಿಗೆ ಕಚ್ಚಿಸಿದ್ದಾರೆ. ಎಡ ಹೆಗಲನ್ನು ಆ ಸರಳಿಗೆ ತಾಗಿಸಿ ನಿಂತು, ಬಲಗೈಯಲ್ಲಿ ಇನ್ನೊಂದು ತುದಿಯನ್ನು ಬೆನ್ನ ಹಿಂದಿನಿಂದ ಎಳೆದುಕೊಳ್ಳುತ್ತಿದ್ದಾರೆ. ಕ್ಲಿಪ್ಪು ಜಾರುತ್ತದೆ. ಮತ್ತೆ ಕಚ್ಚಿಸುತ್ತಾರೆ. ಮೂರನೇ ಸಲಕ್ಕೆ ಟೇಪು ನಿಲ್ಲುತ್ತದೆ, ಆದರೆ ಅದರ ಮೇಲಿನ ಅಂಕಿ ಓದಲು ಕುತ್ತಿಗೆ ಅಷ್ಟು ತಿರುಗುವುದಿಲ್ಲ. ಉಗುರಿನಿಂದ ಗುರುತು ಒತ್ತಿ ಹಿಡಿದು, ಟೇಪನ್ನು ಬಿಡಿಸಿ, ಮುಂದಕ್ಕೆ ತಂದು ಓದುತ್ತಾರೆ.

ಇಪ್ಪತ್ತೈದು ವರ್ಷದಿಂದ ಊರವರ ಮೈ ಅಳೆದ ಈ ಹೆಂಗಸು ತನ್ನ ಮೈ ಅಳೆಯುತ್ತಿರುವುದು ಇದೇ ಮೊದಲು.

"ಬೇರೆಯವ್ರ ಬೆನ್ನ್ ಅಳೆಯುಕೆ ಎರ್ಡ್ ಕೈ ಸಾಕ್," ಎನ್ನುತ್ತಾರೆ. "ನಮ್ಮ್ ಬೆನ್ನಿಗೆ ನಾಲ್ಕ್ ಕೈ ಬೇಕ್ ಕಾಣಿ."

ನಾಲ್ಕು ಕೈ ಆ ಕೋಣೆಯಲ್ಲಿಲ್ಲ. ಎರಡು ಹೊಲಿಗೆ ಯಂತ್ರಗಳಿವೆ, ಒಂದರ ಮೇಲೆ ಬಟ್ಟೆಯ ಹೊದಿಕೆ ಬಿದ್ದು ವರ್ಷಗಳಾಗಿವೆ. ಎರಡು ಸ್ಟೂಲುಗಳಿವೆ, ಒಂದರ ಮೇಲೆ ಲೈನಿಂಗ್ ಬಟ್ಟೆಯ ಗಂಟು ಕೂತಿದೆ. ಕೋಣೆಯ ಹಿಂದಿನ ಅರ್ಧವೇ ಮನೆ. ಅಲ್ಲೊಂದು ಗ್ಯಾಸ್ ಒಲೆ, ಒಂದು ಮಂಚ, ಒಂದು ತಟ್ಟೆ. ಎರಡನೇ ತಟ್ಟೆ ಇದೆಯಂತೆ, ಎಲ್ಲಿದೆಯೆಂದು ಹುಡುಕಬೇಕಂತೆ.

ಹೊರಗೆ, ಶಟರಿನ ಪಕ್ಕದ ಗೋಡೆಯಲ್ಲಿ, ಆಳೆತ್ತರದಲ್ಲಿ ಒಂದು ಮೊಳೆಯಿದೆ. ಈ ಬರಹ ಆ ಮೊಳೆಯನ್ನು ಕುರಿತದ್ದು.

ತುಳಸಿ ಪೂಜೆ ಮುಗಿದರೆ ಈ ಕಡೆ ಮದುವೆಗಳು ಶುರು. ಆ ಪೂಜೆಯ ಮಾರನೇ ದಿನ ಬೆಳಿಗ್ಗೆ ಉಮಾವತಿ ತಾವು ಹೊಸದಾಗಿ ಕಟ್ಟಿದ ಒಂದು ಮಾದರಿಯ ರವಿಕೆಯನ್ನು ಹ್ಯಾಂಗರಿಗೆ ಹಾಕಿ ಆ ಮೊಳೆಗೆ ತೂಗುಬಿಡುತ್ತಿದ್ದರು. ಬೋರ್ಡಿಲ್ಲ, ಹೆಸರಿಲ್ಲ. ಬಸ್ಸಿಗೆ ಕಾಯುವವರು ಕಾಣುತ್ತಿದ್ದರು, ಕೇಳುತ್ತಿದ್ದರು, ಹೊಲಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೂ ತಪ್ಪಲಿಲ್ಲ. ಹೋದ ವರ್ಷ ಮೊಳೆ ಖಾಲಿ ಬಿದ್ದಿತ್ತು. ಈ ಸಲದ ತುಳಸಿ ಪೂಜೆಗೆ ಇನ್ನು ಎರಡು ದಿನವಿದೆ. ಉಮಾವತಿ ತನ್ನ ಬೆನ್ನು ಅಳೆಯುತ್ತಿರುವುದು ಅದಕ್ಕಾಗಿಯೇ. ಆದರೆ ಹೊಲಿದದ್ದನ್ನು ಹೊರಗೆ ತೂಗುವುದೋ, ಹೋದ ವರ್ಷದಂತೆ ಸುಮ್ಮನಿರುವುದೋ ಎಂದು ಅವರಿಗೇ ಇನ್ನೂ ಗೊತ್ತಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಉಮಾವತಿ ಮುಂಬೈಗೆ ಹೋದದ್ದು ಅಣ್ಣ ಚಂದಯ್ಯನ ಮಗುವನ್ನು ನೋಡಿಕೊಳ್ಳುವುದಕ್ಕೆ. ಅಣ್ಣನಿಗೆ ಹೋಟೆಲು, ಅತ್ತಿಗೆಗೆ ಹೋಟೆಲಿನ ಲೆಕ್ಕ. ಮಗು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಉಮಾವತಿಗೆ ಹಗಲು ಉದ್ದವಾಯಿತು. ದಾದರಿನ ಒಂದು ರವಿಕೆ ಅಂಗಡಿಯಲ್ಲಿ ಹುಕ್ಕು ಹಾಕುವ ಕೆಲಸಕ್ಕೆ ಸೇರಿಕೊಂಡರು. ಒಂದು ರವಿಕೆಗೆ ಆರು ಹುಕ್ಕು, ದಿನಕ್ಕೆ ನಲವತ್ತು ರವಿಕೆ. ಕತ್ತರಿಸುವುದು ಮಾತ್ರ ಮಾಸ್ಟರನ ಹಕ್ಕು. ಅವನು ಬಟ್ಟೆ ಕತ್ತರಿಸುವಾಗ ಯಾರಾದರೂ ಹತ್ತಿರ ನಿಂತರೆ ಕತ್ತರಿ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದ. ಅವರು ಹೋದ ಮೇಲೆಯೇ ಮತ್ತೆ ಕತ್ತರಿ ಎತ್ತುವುದು.

ಹಾಗಾಗಿ ಉಮಾವತಿ ಕಲಿತದ್ದು ಕದ್ದು. ಗಿರಾಕಿ ಬೇಡವೆಂದು ಬಿಟ್ಟುಹೋದ ರವಿಕೆಗಳನ್ನು ಮನೆಗೆ ತಂದು, ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹಳೇ ಪೇಪರಿನ ಮೇಲೆ ಹರಡಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಮತ್ತೆ ಜೋಡಿಸಿ ಹೊಲಿಯುತ್ತಿದ್ದರು. ಕಂಕುಳ ಕೆಳಗಿನ ಬಟ್ಟೆ ಯಾಕೆ ಇಷ್ಟು ವಾಲಿದೆ, ಈ ಮಡಿಕೆ ಇಲ್ಲಿಗೇ ಯಾಕೆ ನಿಂತಿದೆ ಎಂದು ಬಿಚ್ಚುವಾಗ ತಿಳಿಯುತ್ತಿತ್ತು. ಮಾಸ್ಟರನ ಬೀಡಿ ಹೀಗೆ ವ್ಯರ್ಥವಾಯಿತು.

"ನಾನೂ ಕಳ್ಳಿಯೇ," ಎಂದು, ಈಗ ತನ್ನ ಮಾದರಿಗಳನ್ನು ಫೋಟೋ ನೋಡಿ ಇಳಿಸುವವರ ಮಾತು ಬಂದಾಗ, ಅವರು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ. "ಆರೆ ನಾನ್ ಬಿಚ್ಚಿ ಕಂಡಿ. ಬಿಚ್ಚ್‌ದ್ರೆ ಎಂತಕೆ ಅಂದೇಳಿ ಗೊತ್ತಾತ್ತ್. ಫೋಟೋ ಬಿಚ್ಚುಕಾತಿಲ್ಲೆ."

ಹದಿಮೂರು ವರ್ಷದ ಮುಂಬೈ ಮುಗಿಸಿ ಊರಿಗೆ ಬಂದದ್ದಕ್ಕೆ ಕಾರಣ ಅವರು ಹೇಳುವುದಿಲ್ಲ. ಅಣ್ಣನ ಮಗು ದೊಡ್ಡದಾಯಿತು ಎಂಬಷ್ಟಕ್ಕೆ ಮಾತು ನಿಲ್ಲಿಸುತ್ತಾರೆ. ಮದುವೆಯ ವಿಷಯ ತೆಗೆದವರಿಗೆ, ಮೂರು ತಾಲೂಕಿನ ಮದುವಣಗಿತ್ತಿಯರ ರವಿಕೆ ಹೊಲಿದದ್ದರಲ್ಲಿ ತನ್ನದೊಂದು ಹೊಲಿಯಲು ಪುರಸೊತ್ತಾಗಲಿಲ್ಲ ಎಂದು ಉತ್ತರ. ಈ ಉತ್ತರವನ್ನು ಅವರು ಹಲವು ಸಲ ಹೇಳಿದ್ದಾರೆಂಬುದು ಅದು ನುಣುಪಾಗಿರುವುದರಿಂದಲೇ ತಿಳಿಯುತ್ತದೆ.

ಉಮಾವತಿಯ ಬಳಿ ನೂರು ಪುಟದ ಒಂದು ನೋಟುಬುಕ್ಕಿದೆ. ಪುಟಕ್ಕೊಂದು ಮಾದರಿ, ಪ್ರತಿ ಮಾದರಿಗೂ ಒಬ್ಬ ಹೆಂಗಸಿನ ಹೆಸರು. ಯಾಕೆಂದರೆ ಅವರ ಒಂದು ಮಾದರಿಯೂ ಅಂದಕ್ಕೆಂದು ಹುಟ್ಟಿದ್ದಲ್ಲ. ಯಾರಿಗೋ ಏನೋ ಒಂದು ತೊಂದರೆ, ಅದಕ್ಕೆ ಬಟ್ಟೆಯಲ್ಲಿ ಒಂದು ದಾರಿ. ಅಂದ ಆಮೇಲೆ, ತಾನಾಗಿ ಬಂದದ್ದು.

'ಗಿರಿಜಾ' ಎಂಬ ಪುಟ ಒಬ್ಬ ಶಾಲಾ ಟೀಚರಿನದು. ಕಪ್ಪು ಹಲಗೆಯ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕೈ ಎತ್ತಿದಾಗಲೆಲ್ಲ ಅವರ ರವಿಕೆ ಕಂಕುಳಲ್ಲಿ ಹರಿಯುತ್ತಿತ್ತು. ಉಮಾವತಿ ಅಲ್ಲಿಗೆ ಗಾಳಿಪಟದ ಆಕಾರದ ಒಂದು ತುಂಡು ಕೂಡಿಸಿದರು. ಕೈ ಎಷ್ಟೆತ್ತಿದರೂ ರವಿಕೆ ಅಲ್ಲಾಡದು. ಎರಡು ತಿಂಗಳಲ್ಲಿ ಆ ತುಂಡು ಕೋಟೇಶ್ವರದ ಒಂದು ಅಂಗಡಿಯಲ್ಲಿ ಕಾಣಿಸಿಕೊಂಡಿತು. ಕಂಕುಳಲ್ಲಿ ಇದ್ದರೆ ಯಾರಿಗೆ ಕಾಣುತ್ತದೆ ಎಂದುಕೊಂಡು ಅದನ್ನು ತೋಳಿನ ಮೇಲೆ, ಜರಿಯಲ್ಲಿ, ಕನ್ನಡಿ ಚೂರು ಹಚ್ಚಿ ಹೊಲಿದಿದ್ದರು. ಕಂಕುಳು ಮೊದಲಿನಂತೆಯೇ ಹರಿಯುತ್ತಿತ್ತು.

'ವಿನಯಾ' ಎಂಬ ಪುಟದ ವಿನಯಾಗೆ ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಬೆನ್ನಿನ ಮೇಲ್ಭಾಗದಲ್ಲಿ ಕಲೆ. ಮದುವೆಗೆ ಕುತ್ತಿಗೆಯ ತನಕ ಮುಚ್ಚಿದ ರವಿಕೆ ಹಾಕಿದರೆ ಎಲ್ಲರೂ ಯಾಕೆಂದು ಕೇಳುತ್ತಾರೆ, ತೆರೆದದ್ದು ಹಾಕಿದರೆ ಕಲೆ ಕಾಣುತ್ತದೆ. ಉಮಾವತಿ ಕಲೆಯ ಆಕಾರವನ್ನೇ ಹಿಡಿದು, ಅದರ ಮೇಲೆ ಸರಿಯಾಗಿ ಕೂರುವ ಒಂದು ಹಲಸಿನೆಲೆಯನ್ನು ಕತ್ತರಿಸಿ, ಎರಡು ಬದಿ ತೆರವು ಬಿಟ್ಟರು. ಆ ವರ್ಷ ಕುಂದಾಪುರದಿಂದ ಬ್ರಹ್ಮಾವರದ ತನಕ ಮದುವೆ ಮಂಟಪಗಳಲ್ಲಿ ಎಲೆ ಬೆನ್ನಿನ ಹುಡುಗಿಯರು ಓಡಾಡಿದರು. ಉಮಾವತಿಗೆ ಕೋಪ ಬಂದದ್ದು ನಿಜ. ಆದರೆ ಒಂದು ದಿನ ವಿನಯಾ ಬಂದು, ಈಗ ಎಲ್ಲರ ಬೆನ್ನಲ್ಲೂ ಎಲೆ ಇರುವುದರಿಂದ ತನ್ನದನ್ನು ಯಾರೂ ತಿರುಗಿ ನೋಡುವುದಿಲ್ಲ, ನಿಮಗೆ ಪುಣ್ಯ ಬರಲಿ ಎಂದು ಕೈ ಹಿಡಿದುಕೊಂಡಳು. ಕೋಪವನ್ನು ಎಲ್ಲಿಡುವುದೆಂದು ತಿಳಿಯದೆ ಉಮಾವತಿ ಅವಳಿಗೆ ಚಾ ಮಾಡಿಕೊಟ್ಟರು.

ಎಲ್ಲಕ್ಕಿಂತ ದೂರ ಹೋದದ್ದು 'ಸುಗುಣ'. ಮನೆಮನೆಗೆ ಮೀನು ಹೊತ್ತು ಮಾರುವ ಸುಗುಣ ಎಡಗೈಯವಳು. ಐದು ವರ್ಷದ ಹಿಂದೆ ಬುಟ್ಟಿ ಸಮೇತ ರಿಕ್ಷಾದಿಂದ ಬಿದ್ದು ಬಲ ಹೆಗಲು ಹಿಡಿದುಹೋಯಿತು. ರವಿಕೆಯ ಗುಂಡಿ ಹಾಕಿಕೊಳ್ಳಲು ದಿನಾ ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಉಮಾವತಿ ಮಧ್ಯದಲ್ಲಿದ್ದ ತೆರವನ್ನು ಮುಚ್ಚಿ, ಎಡ ಹೆಗಲಿನಿಂದ ಬಲ ಪಕ್ಕೆಗೆ ಓರೆಯಾಗಿ ಇಳಿಯುವ ಒಂದು ಮಡಿಕೆ ಮಾಡಿ, ಬಟ್ಟೆಯ ಗುಂಡಿಗಳನ್ನು ಬಲ ಪಕ್ಕೆಯಲ್ಲಿ ಇಟ್ಟರು. ಸುಗುಣ ಎಡಗೈಯನ್ನು ಎದೆಯ ಮೇಲಿಂದ ದಾಟಿಸಿದರೆ ಗುಂಡಿ ಬೆರಳಿಗೇ ಬರುತ್ತದೆ. ರೇಷ್ಮೆಯಲ್ಲಿ ಹೊಲಿದು ಮೊಳೆಗೆ ಹಾಕಿದಾಗ ಆ ಓರೆ ಮಡಿಕೆ ಕಣ್ಣು ಕೀಳಲಾಗದಷ್ಟು ಚೆಂದ ಕಂಡಿತು.

ಕಂಡದ್ದೇ ಕಷ್ಟವಾಯಿತು. ಕುಂದಾಪುರದ ಒಂದು ಬುಟೀಕಿನಲ್ಲಿ ಅದಕ್ಕೆ ರಾಯಲ್ ಕ್ರಾಸ್ ಎಂದು ಹೆಸರಿಟ್ಟರು. ಗುಂಡಿ ಬಲ ಪಕ್ಕೆಯಲ್ಲಿ ಯಾಕಿದೆ ಎಂದು ಒಬ್ಬರೂ ಕೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಳಿಸಿದರು. ಈಗ ಈ ಕರಾವಳಿಯ ಸಾವಿರಾರು ಬಲಗೈ ಹೆಂಗಸರು ಮದುವೆಯ ದಿನ ಬೆಳಿಗ್ಗೆ ಮೊಣಕೈಯನ್ನು ಕೋಳಿಯ ರೆಕ್ಕೆಯಂತೆ ಹಿಂದಕ್ಕೆ ಮಡಚಿ ತಮ್ಮದೇ ಪಕ್ಕೆಯೊಡನೆ ಗುದ್ದಾಡುತ್ತಾರೆ. ಹೆಸರೇ ರಾಯಲ್ ಆದ ಮೇಲೆ ಕಷ್ಟ ಇರುವುದೇ ಎಂದುಕೊಂಡು ಯಾರೂ ದೂರುವುದಿಲ್ಲ.

ಸುಗುಣಳಿಗೆ ಮಾತ್ರ ಇದು ನಗೆಯ ಸಂಗತಿ. ಮೊನ್ನೆ ಬಂಗುಡೆ ಕೊಡಲು ಬಂದವಳು ಬುಟ್ಟಿ ಇಳಿಸುವ ಮೊದಲೇ ಹೇಳಿದಳು: "ಉಮಕ್ಕ, ಮದಿ ಮನಿಯಂಗೆ ಹೆಣ್ಮಕ್ಕಳೆಲ್ಲ ಒಬ್ರಿಗೊಬ್ರ್ ಗುಂಡಿ ಹಾಕ್ತಾ ಇದ್ರ್. ನಿಮ್ಮ್ ರವ್ಕಿ ಒಂದೇ ಕೈಯಂಗೆ ಹಾಕುಕೆ ಬಪ್ಪುದ್ ನಂಗೊಬ್ಳಿಗೇ."

ಮೊದಮೊದಲು ಈ ಕಳ್ಳತನಕ್ಕೆ ಒಂದು ಕ್ರಮವಿತ್ತು. ಯಾರೋ ಹೊಲಿಸಿಕೊಂಡ ರವಿಕೆಯನ್ನು ಯಾರೋ ಕೇಳಿ ಪಡೆದು, ಬಿಚ್ಚಿ, ಅಳೆದು, ಕಲಿಯುವಷ್ಟರಲ್ಲಿ ಒಂದು ವರ್ಷ ದಾಟುತ್ತಿತ್ತು. ಆ ಹೊತ್ತಿಗೆ ಉಮಾವತಿ ಮುಂದಿನದರಲ್ಲಿರುತ್ತಿದ್ದರು. ಹಿಂದಿನಿಂದ ಯಾರೋ ಬರುತ್ತಿದ್ದಾರೆ ಎಂದು ಗೊತ್ತಿದ್ದರೆ ಕಾಲು ತಾನಾಗಿ ಬೀಸಾಗುತ್ತದೆ, ತನ್ನ ಅರ್ಧ ಮಾದರಿಗಳು ಹುಟ್ಟಿದ್ದೇ ಹಾಗೆ ಎಂದು ಅವರು ಹೇಳುತ್ತಾರೆ. ಕದಿಯುವವರಿಲ್ಲದಿದ್ದರೆ ಬಹುಶಃ 'ಗಿರಿಜಾ'ದಲ್ಲೇ ನಿಂತುಬಿಡುತ್ತಿದ್ದರು. ಆಮೇಲೆ ವರ್ಷ ಇದ್ದದ್ದು ತಿಂಗಳಾಯಿತು, ತಿಂಗಳು ವಾರವಾಯಿತು. ಈಗ ಬೆಳಿಗ್ಗೆ ಮೊಳೆಗೆ ಹಾಕಿದರೆ, ಬಸ್ಸಿಗೆ ಕಾಯುವವರು ಫೋನಿನಲ್ಲಿ ತೆಗೆದ ಫೋಟೋದಿಂದ, ಊಟದ ಹೊತ್ತಿಗೆ ಬ್ರಹ್ಮಾವರದಲ್ಲಿ ಅದು ಕತ್ತರಿಯ ಕೆಳಗಿರುತ್ತದೆ. ಓಡುವವರಿಗೆ ಉಸಿರೆಳೆದುಕೊಳ್ಳಲಾದರೂ ಹಿಂದಿನವರಿಗೂ ತಮಗೂ ನಡುವೆ ಸ್ವಲ್ಪ ರಸ್ತೆ ಬೇಕು.

ಕಾನೂನನ್ನು ಕೇಳಿದ್ದೂ ಆಗಿದೆ. ಮೂರು ವರ್ಷದ ಹಿಂದೆ ಕುಂದಾಪುರದಲ್ಲಿ ಸ್ವಂತ ಉದ್ಯೋಗದ ಹೆಂಗಸರಿಗೆ ಒಂದು ದಿನದ ಶಿಬಿರ ನಡೆಯಿತು. ಪ್ರಖ್ಯಾತ್ ಎಂಬ ಎಳೆಯ ವಕೀಲರು ಬಹಳ ಸೌಜನ್ಯದಿಂದ ವಿವರಿಸಿದರು. ಕಾಗದದ ಮೇಲಿನ ಚಿತ್ರಕ್ಕೆ ಒಂದು ಕಾನೂನಿದೆ. ಅದೇ ಚಿತ್ರ ಬಟ್ಟೆಯಾಗಿ ಕಾರ್ಖಾನೆಯ ರೀತಿಯಲ್ಲಿ ಐವತ್ತನ್ನು ಮೀರಿ ತಯಾರಾದರೆ ಆ ರಕ್ಷಣೆ ಕಳಚಿಬೀಳುತ್ತದೆ. ವಿನ್ಯಾಸಕ್ಕೆ ಬೇರೆಯೇ ನೋಂದಣಿ ಇದೆ, ಅದರ ಕಚೇರಿ ಕೋಲ್ಕತ್ತದಲ್ಲಿ. ಆದರೆ ವಿನ್ಯಾಸ ಹೊಸದಾಗಿರಬೇಕು, ಎಂದರೆ ಅರ್ಜಿ ಹಾಕುವ ಮೊದಲು ಅದು ಸಾರ್ವಜನಿಕರ ಕಣ್ಣಿಗೆ ಬಿದ್ದಿರಬಾರದು.

ಹಿಂದಿನ ಸಾಲಿನಲ್ಲಿದ್ದ ಉಮಾವತಿ ಎದ್ದು ನಿಂತು ಕೇಳಿದರು: "ಹಂಗಾರೆ ಕೋಲ್ಕತ್ತದವ್ರ್ ಹೂಂ ಅಂಬಲ್ಲಿವರೆಗೆ ರವ್ಕಿ ಹಾಕ್ಕಂಡ್ ಹೆಣ್ಮಕ್ಕ ಮನಿಯಿಂದ ಹೊರ್ಗ್ ಬಪ್ಪುಕಾಗ್ದಾ?"

ಶಿಬಿರ ಇಡೀ ನಕ್ಕಿತು. ವಕೀಲರೂ ನಕ್ಕರು, ಇದು ಒಳ್ಳೆಯ ಪ್ರಶ್ನೆ ಎಂದು ಬರೆದುಕೊಂಡರು. ಉತ್ತರ ಆ ಬರಹದಲ್ಲೇ ಇರಬಹುದು. ಮಧ್ಯಾಹ್ನದ ಊಟಕ್ಕೆ ಪಲಾವು ಚೆನ್ನಾಗಿತ್ತು ಎಂದು ಉಮಾವತಿ ನೆನಪಿಸಿಕೊಳ್ಳುತ್ತಾರೆ. ತಮ್ಮ ಯಾವ ಮಾದರಿಯನ್ನೂ ಅವರು ಹನ್ನೆರಡಕ್ಕಿಂತ ಹೆಚ್ಚು ಹೊಲಿದದ್ದಿಲ್ಲ. ಐವತ್ತು ದಾಟಿಸಿದವರೆಲ್ಲ ಬೇರೆಯವರು.

ಹಾಗಾದರೆ ಹೋದ ವರ್ಷ ಮೊಳೆ ಯಾಕೆ ಖಾಲಿ ಬಿತ್ತು? ಅದಕ್ಕೆ ಕಾನೂನು ಕಾರಣವಲ್ಲ, ದೀಕ್ಷಾ ಕಾರಣ. ಆದರೆ ತಾನು ಕಾರಣವೆಂದು ದೀಕ್ಷಾಳಿಗೆ ಇವತ್ತಿಗೂ ಗೊತ್ತಿಲ್ಲ.

ದೀಕ್ಷಾ ದಿನಾ ಎದುರಿನಿಂದ ಬಸ್ಸು ಹತ್ತುವ ಕಾಲೇಜು ಹುಡುಗಿ. ಹೋದ ವರ್ಷ ನವರಾತ್ರಿಯ ಸಮಯ, ಅಕ್ಕನ ಮದುವೆಗೆಂದು ಬಟ್ಟೆ ತಂದವಳು ಫೋನು ಮುಂದೆ ಹಿಡಿದಳು. ಪರದೆಯ ಮೇಲೆ ಬಿಳಿ ಮೈಯ ಒಂದು ಗೊಂಬೆ, ಅದರ ಮೇಲೆ 'ಸುಗುಣ'. ಓರೆ ಮಡಿಕೆ, ಬಲ ಪಕ್ಕೆಯ ಗುಂಡಿ, ಗುಂಡಿಯ ಪಕ್ಕದಲ್ಲಿ ಬಟ್ಟೆ ಸುಕ್ಕಾಗದಿರಲೆಂದು ಉಮಾವತಿಯೇ ಕಂಡುಹಿಡಿದ ಕಿರುಬೆರಳಷ್ಟು ಅಗಲದ ಪಟ್ಟಿ, ಎಲ್ಲವೂ ಇತ್ತು.

"ಆಂಟಿ, ಇದೇ ಬೇಕ್, ಸೇಮ್ ಟು ಸೇಮ್," ಎಂದಳು ದೀಕ್ಷಾ. "ಬಾಂಬೆ ಪ್ಯಾಟರ್ನ್ ಇದ್. ನಿಮ್ಗೆ ಬತ್ತಾ?"

ಉಮಾವತಿ ಕನ್ನಡಕ ಏರಿಸಿ, ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದರು. "ಕಾಂಬ," ಎಂದರು. "ಟ್ರೈ ಮಾಡ್ತೆ."

ಹೊಲಿದೂ ಕೊಟ್ಟರು. ಬಲಗೈಯ ಹುಡುಗಿಗೆ ಗುಂಡಿ ಎಡ ಪಕ್ಕೆಯಲ್ಲಿದ್ದರೆ ಸಲೀಸು ಎಂದು ಹಾಗೇ ಮಾಡಿಟ್ಟಿದ್ದರು. ದೀಕ್ಷಾ ಬಂದು ಫೋಟೋ ಪಕ್ಕದಲ್ಲಿಟ್ಟು ನೋಡಿ, ಆಂಟಿ, ಉಲ್ಟಾ ಆಗಿದೆಯಲ್ಲ ಎಂದಳು. ಉಮಾವತಿ ಬಿಚ್ಚಿದರು. ತಮ್ಮ ಮಾದರಿಯ ನಕಲಿನ ಫೋಟೋ ಎದುರಿಗಿಟ್ಟುಕೊಂಡು, ನಕಲಿನಲ್ಲಿದ್ದ ತಪ್ಪನ್ನು ಸರಿಯಾಗಿ ನಕಲು ಮಾಡಿ ಕೊಟ್ಟರು. ಅವತ್ತು ಸಂಜೆ ನೋಟುಬುಕ್ಕನ್ನು ಕಪಾಟಿನ ಮೇಲಿಟ್ಟರು. ತುಳಸಿ ಪೂಜೆ ಬಂತು, ಹೋಯಿತು. ಮೊಳೆಯಲ್ಲಿ ಏನೂ ತೂಗಲಿಲ್ಲ.

ಏನೋ ಒಂದು ಆಗುತ್ತದೆ ಎಂದು ಅವರು ಎಣಿಸಿದ್ದರು. ಇಪ್ಪತ್ತೆರಡು ವರ್ಷ ನಡೆದದ್ದು ನಿಂತರೆ ಊರು ಕೇಳುವುದಿಲ್ಲವೇ? ಊರು ಬಸ್ಸಿಗೆ ಕಾಯಿತು. ಬಸ್ಸು ಬಂದಾಗ ಹತ್ತಿ ಹೋಯಿತು. ಎರಡನೇ ದಿನ ಪಕ್ಕದ ಕೋಣೆಯ ಪಂಕ್ಚರ್ ಅಂಗಡಿಯ ಕುಷ್ಟ ತಲೆ ಹಾಕಿ ಕರೆದ. "ಹ್ವಾಯ್ ಉಮಕ್ಕ, ಮೊಳೆ ಖಾಲಿ ಇತ್ತಲೆ, ಟ್ಯೂಬ್ ಸಿಕ್ಕ್ಸಿದಿ. ತೊಂದ್ರಿ ಇಲ್ಯಲೆ?" ಎಂದ. ತೊಂದರೆ ಇಲ್ಲ ಎಂದರು. ಅಂದಿನಿಂದ ಅಲ್ಲಿ ಲಾರಿಯದೊಂದು ಟ್ಯೂಬು ತೂಗುತ್ತಿತ್ತು. ಅದನ್ನೂ ಯಾರೂ ಗಮನಿಸಲಿಲ್ಲ, ಹಾಗಾಗಿ ಬೇಜಾರು ಮಾಡಿಕೊಳ್ಳುವುದಕ್ಕೂ ಜಾಗವಿರಲಿಲ್ಲ.

ನಾಲ್ಕನೇ ದಿನ ಫೋನು ಬಂತು. ಕುಂದಾಪುರದಿಂದ, ಸೌಮ್ಯಶ್ರೀ.

ಹೊದಿಕೆ ಬಿದ್ದ ಆ ಎರಡನೇ ಯಂತ್ರದಲ್ಲಿ ಮೂರು ವರ್ಷ ಕೂತು ಕಲಿತವಳು ಸೌಮ್ಯಶ್ರೀ. ಸೂಕ್ಷ್ಮ ಕೈ. ಒಂಬತ್ತು ವರ್ಷದ ಹಿಂದೆ ಕುಂದಾಪುರದಲ್ಲಿ ಸ್ವಂತ ಬುಟೀಕು ತೆರೆದಳು. ಐದು ಯಂತ್ರ, ಗಾಜಿನ ಬಾಗಿಲು, ಬಿಳಿ ಗೊಂಬೆಗಳು. 'ಸುಗುಣ'ವನ್ನು ರಾಯಲ್ ಕ್ರಾಸ್ ಮಾಡಿದವಳು ಅವಳೇ. ಮೊದಲೆಲ್ಲ ಹಬ್ಬಕ್ಕೆ ಬಂದು ಕಾಲು ಮುಟ್ಟುತ್ತಿದ್ದಳು. ಆರು ವರ್ಷದಿಂದ ಬಂದಿಲ್ಲ. ಬರುವ ಅಗತ್ಯವೂ ಇಲ್ಲ, ಮೊಳೆಯ ಫೋಟೋ ಹೇಗೂ ತಲುಪುತ್ತದೆ.

"ಅಕ್ಕಾ, ಈ ಸರ್ತಿ ಎಂತ ಹಾಕ್ಲಿಲ್ಯಲೆ," ಎಂದಿತು ಫೋನು. "ಹುಷಾರ್ ಇದ್ರಿ ಅಲ್ದಾ?"

"ಹುಷಾರ್ ಇದ್ದೆ," ಎಂದರು ಉಮಾವತಿ.

ಅಷ್ಟೇ ಮಾತು. ಆದರೆ ಆ ಮೇಲೆ ಬಹಳ ದಿನ ಅವರು ಅದನ್ನೇ ಅಗಿದರು. ಹೊಲಿಸಿಕೊಂಡವರಿಗೆ ಬೇಡವಾದದ್ದು, ಎದುರು ನಿಂತವರ ಕಣ್ಣಿಗೆ ಬೀಳದ್ದು, ಕದಿಯುವವಳಿಗೆ ಬೇಕಾಗಿತ್ತು. ತನ್ನ ಕೆಲಸಕ್ಕೆ ಈ ಮೂರು ತಾಲೂಕಿನಲ್ಲಿ ದಾರಿ ಕಾಯುವ ಜೀವ ಒಂದೇ ಒಂದು, ಅದೂ ಕಳ್ಳಿ. ಇದಕ್ಕೆ ನಗಬೇಕೋ ಅಳಬೇಕೋ ಎಂದು ಕೇಳಲು ಎರಡನೇ ಸ್ಟೂಲಿನಲ್ಲಿ ಯಾರೂ ಇರಲಿಲ್ಲ. ಲೈನಿಂಗ್ ಬಟ್ಟೆಯ ಗಂಟು ಇತ್ತು.

"ಕದ್ದದ್ದಕ್ಕೆ ಈಗ್ಳಿಕೆ ಬೇಜಾರಿಲ್ಲೆ," ಎನ್ನುತ್ತಾರೆ. "ಗುಂಡಿ ಆ ಬದಿಯಂಗೆ ಎಂತಕೆ ಅಂದೇಳಿ ಒಬ್ರಾರೂ ಕೇಳ್ಕಿತ್ತ್ ಅಲ್ದಾ?"

ಮೊನ್ನೆ ಮಳೆಗಾಲದ ಕೊನೆಗೆ ಇನ್ನೊಂದು ಸಂಗತಿ ನಡೆಯಿತು. ಉಮಾವತಿ ಹಾಕುವ ರವಿಕೆಗಳು ಉಳಿದ ಬಟ್ಟೆಯವು, ಮೂವತ್ತಾರರ ಸಾಮಾನ್ಯ ಅಳತೆಗೆ ಕತ್ತರಿಸಿದವು. ಬಲ ಹೆಗಲಿನಿಂದ ಅವು ಜಾರುತ್ತಲೇ ಇರುತ್ತವೆ. ಅಲ್ಲಿಗೊಂದು ಪಿನ್ನು ಚುಚ್ಚಿಕೊಳ್ಳುವುದು ವರ್ಷಗಳ ಅಭ್ಯಾಸ. ಒಂದು ಬೆಳಿಗ್ಗೆ ಪಿನ್ನು ಬಿಚ್ಚಿಕೊಂಡು ಕುತ್ತಿಗೆಗೆ ಗೀರಿತು. ಕನ್ನಡಿಯ ಮುಂದೆ ನಿಂತು ರಕ್ತ ಒರೆಸುವಾಗ, ಗಿರಾಕಿಯನ್ನು ನೋಡುವ ಕಣ್ಣಿನಿಂದ ಮೊದಲ ಸಲ ತನ್ನನ್ನು ನೋಡಿಕೊಂಡರು. ಬಲ ಹೆಗಲು ಎಡಕ್ಕಿಂತ ಕೆಳಗಿತ್ತು. ಮೂವತ್ತು ಚಿಲ್ಲರೆ ವರ್ಷ ಬಲಗೈ ಬಟ್ಟೆಯನ್ನು ಸೂಜಿಯ ಕೆಳಗೆ ಒತ್ತಿ ತಳ್ಳಿದ್ದಕ್ಕೆ ಮೈ ಕೊಟ್ಟ ಗುರುತು ಅದು. ಬೇರೆ ಯಾವ ಹೆಂಗಸಾದರೂ ಈ ಹೆಗಲು ಹೊತ್ತು ಬಂದಿದ್ದರೆ ಅವಳ ಹೆಸರಲ್ಲಿ ಒಂದು ಪುಟ ತೆರೆಯುತ್ತಿದ್ದರು.

ಕಪಾಟಿನ ಮೇಲಿನಿಂದ ನೋಟುಬುಕ್ಕು ಇಳಿಯಿತು. ಹೊಸ ಪುಟದ ಮೇಲೆ 'ಉಮಾವತಿ' ಎಂದು ಬರೆಯಲು ಸಂಕೋಚವಾಗಿ ಎರಡು ದಿನ ಬರಿದೇ ಬಿಟ್ಟಿದ್ದರಂತೆ.

ಈಗ, ಕಿಟಕಿಯ ಸರಳು ಹಿಡಿದುಕೊಟ್ಟ ಟೇಪಿನಿಂದ ಲೆಕ್ಕ ಸಿಕ್ಕಿದೆ: ಮುಕ್ಕಾಲು ಇಂಚು. ಬಲ ಬದಿಯನ್ನು ಅಷ್ಟು ಗಿಡ್ಡ ಮಾಡುತ್ತಾರೆ. ಎಡ ಬದಿಯಲ್ಲಿ ಉಳಿದ ಬಟ್ಟೆಯನ್ನು ಕತ್ತರಿಸದೆ ಏಳು ನೆರಿಗೆಯಾಗಿ ಮಡಚಿ, ಹೆಗಲಿನಿಂದ ಬೀಸಣಿಗೆಯಂತೆ ಬೆನ್ನಿಗೆ ಹರಡುತ್ತಾರೆ. ಬಟ್ಟೆ ಹಸಿರು ಹತ್ತಿ, ಅಂಚು ಕೆಂಪು. ದಿನಕ್ಕೆ ಹತ್ತು ರವಿಕೆ ಹೊಲಿಯುತ್ತಿದ್ದ ಕೈ ಈಗ ನಾಲ್ಕಕ್ಕೆ ಇಳಿದಿದೆ. ಈ ಒಂದಕ್ಕೆ ಎರಡು ಬೆಳಗು ಹಿಡಿಯುತ್ತದೆ. ಮುಗಿದ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾರೆ. ಪಿನ್ನಿಲ್ಲ. ಕುತ್ತಿಗೆಯ ಅಂಚು ಗೆರೆ ಎಳೆದಂತೆ ನೇರ. ಬಲ ಹೆಗಲು ಇಳಿದಿದೆಯೆಂದು ಹೇಳಿದರೂ ನಂಬುವಂತಿಲ್ಲ. ಬೆನ್ನಿನ ನೆರಿಗೆ ನೋಡಿ ಹೇಗಿದೆಯೆಂದು ಹೇಳುವವರು ಇಲ್ಲ. ಇನ್ನೊಂದು ಕನ್ನಡಿ ಹಿಂದೆ ಹಿಡಿದು ತಾವೇ ನೋಡಿಕೊಳ್ಳುತ್ತಾರೆ. ಪರವಾಗಿಲ್ಲ ಎಂಬಂತೆ ತುಟಿ ಓರೆ ಮಾಡುತ್ತಾರೆ.

ಕಳಚಿ ಹ್ಯಾಂಗರಿಗೆ ಹಾಕಿದೊಡನೆ ರವಿಕೆ ಸೊಟ್ಟಗಾಗುತ್ತದೆ. ಹ್ಯಾಂಗರಿನ ಎರಡು ಹೆಗಲೂ ಸಮವಲ್ಲವೇ? ಬಲಗಡೆಯ ಅಂಚು ಯಾರೋ ಮೇಲಕ್ಕೆ ಎಳೆದು ಬಿಟ್ಟಂತೆ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಉಮಾವತಿಯ ಮೊಳೆಯಲ್ಲಿ ಸೊಟ್ಟ ರವಿಕೆ ತೂಗಿದ್ದಿಲ್ಲ.

ತುಳಸಿ ಪೂಜೆಯ ಮಾರನೇ ಬೆಳಿಗ್ಗೆ ಆರೂ ಮುಕ್ಕಾಲಿಗೆ ಶಟರು ಪೂರ್ತಿ ಏಳುತ್ತದೆ. ಉಮಾವತಿ ಹ್ಯಾಂಗರು ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾರೆ. ಒಳಗೆ ಹೋಗುತ್ತಾರೆ. ಮತ್ತೆ ಬರುತ್ತಾರೆ. ಕೊನೆಗೆ ಕುಷ್ಟನ ಟ್ಯೂಬನ್ನು ತೆಗೆದು ಅವನ ಬಾಗಿಲಲ್ಲಿಟ್ಟು, ಸೆರಗಿನಿಂದ ಮೊಳೆಯ ತುಕ್ಕು ಒರೆಸಿ, ರವಿಕೆಯನ್ನು ತೂಗುಬಿಟ್ಟು, ತಿರುಗಿ ನೋಡದೆ ಯಂತ್ರಕ್ಕೆ ಕೂರುತ್ತಾರೆ.

ಏಳೂಕಾಲಿನ ಬಸ್ಸಿಗೆ ಹುಡುಗಿಯರು ಸೇರುತ್ತಾರೆ. ದೀಕ್ಷಾಳ ಕಣ್ಣಿಗೇ ಮೊದಲು ಬೀಳುತ್ತದೆ. ಹತ್ತಿರ ಬಂದು, ತಲೆ ಓರೆ ಮಾಡಿ, ಆಂಟಿ ಇದು ಸೊಟ್ಟ ಆಗಿದೆಯಲ್ಲ ಎನ್ನುತ್ತಾಳೆ. ಆಯಿತು ಎನ್ನುತ್ತಾರೆ ಉಮಾವತಿ, ಯಂತ್ರ ನಿಲ್ಲಿಸದೆ. ಗೆಳತಿಯೊಬ್ಬಳು ಕಣ್ಣಿನ ಶಕ್ತಿ ಕಡಿಮೆಯಾಗಿರಬೇಕು ಎಂದು ಪಿಸುಗುಡುತ್ತಾಳೆ, ಪಿಸುಗುಟ್ಟಿದ್ದು ಆಚೆ ಕೋಣೆಗೂ ಕೇಳುತ್ತದೆ. ಫೋಟೋ ಮಾತ್ರ ತೆಗೆಯುತ್ತಾರೆ. ಬಸ್ಸು ಬರುತ್ತದೆ, ಹೋಗುತ್ತದೆ.

ಒಂಬತ್ತಕ್ಕೆ ಫೋನು ಬಡಿದುಕೊಳ್ಳುತ್ತದೆ. ಸೌಮ್ಯಶ್ರೀ.

"ಅಕ್ಕಾ, ಫೋಟೋ ಕಂಡಿ." ಆಚೆಯಿಂದ ಐದು ಯಂತ್ರಗಳ ಸದ್ದು ಬರುತ್ತಿದೆ. ಬಾಗಿಲು ಮುಚ್ಚಿದಂತಾಗಿ ಸದ್ದು ಅಡಗುತ್ತದೆ. "ನಮ್ಮ್ ಹುಡ್ಗಿಯರೆಲ್ಲ ಸೊಟ್ಟ ಆಯ್ತ್ ಅಂಬ್ರ್. ನೀವ್ ಸೊಟ್ಟ ಹೊಲೂರಲ್ಲ. ಬಲ್ದಿ ಬದಿ ಮೇಲ್ ಎಳ್ದದ್ ಎಂತಕೆ ಅಕ್ಕಾ?"

ಉಮಾವತಿಯ ಕಾಲು ಯಂತ್ರದ ತುಳಿಯುವ ಹಲಗೆಯ ಮೇಲೆ ನಿಂತುಬಿಡುತ್ತದೆ.

"ಫೋನಂಗೆ ಹೇಳುಕಾತಿಲ್ಲೆ," ಎನ್ನುತ್ತಾರೆ. "ನೀ ಬಾ. ಬಂದ್ರೆ ಹೇಳ್ತೆ."

ಸೌಮ್ಯಶ್ರೀ ಬರುತ್ತೇನೆ ಎನ್ನುತ್ತಾಳೆ. ಮದುವೆ ಸೀಸನ್ನು ಬೇರೆ, ತಲೆ ತುರಿಸಲು ಪುರಸೊತ್ತಿಲ್ಲ, ಭಾನುವಾರ ಆದರೆ ನೋಡುತ್ತೇನೆ ಎಂದೂ ಸೇರಿಸುತ್ತಾಳೆ. ಅಷ್ಟರೊಳಗೆ ಬೆನ್ನಿನ ಬದಿಯದೊಂದು ಫೋಟೋ ಕಳಿಸುತ್ತೀರಾ ಎಂದು ಕೇಳಿ ಇಡುತ್ತಾಳೆ.

ಉಮಾವತಿ ಫೋಟೋ ಕಳಿಸುವುದಿಲ್ಲ. ಎದ್ದು ಎರಡನೇ ಸ್ಟೂಲಿನ ಮೇಲಿನ ಲೈನಿಂಗ್ ಗಂಟನ್ನು ಎತ್ತಿ ಮಂಚದ ಮೇಲಿಡುತ್ತಾರೆ. ಸ್ಟೂಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಟ್ಯೂಬಿಗೆ ಬೇರೆ ಜಾಗ ಹುಡುಕುತ್ತಾ ಬಾಗಿಲಿಗೆ ಬಂದ ಕುಷ್ಟ, ಯಾರಾದರೂ ಬರುವವರಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಮೊಳೆಯತ್ತ ನೋಡಿ, ಇದನ್ನೂ ಮಧ್ಯಾಹ್ನದೊಳಗೆ ಕದ್ದು ಮುಗಿಸುತ್ತಾರೆ ಬಿಡಿ ಎಂದು ಸಮಾಧಾನವನ್ನೂ ಹೇಳುತ್ತಾನೆ.

"ಬತ್ಲೋ ಇಲ್ಯೋ, ಗೊತ್ತಿಲ್ಲೆ," ಎನ್ನುತ್ತಾ ಉಮಾವತಿ ಸೂಜಿಗೆ ನೂಲು ಪೋಣಿಸುತ್ತಾರೆ. "ಫೋಟೋ ಎಷ್ಟ್ ಬೇಕಾರೂ ತೆಗಿಲಿ ಕುಷ್ಟ. ಹೆಗಲ್ ನನ್ ಹತ್ರವೇ ಇತ್ತಲೆ."